ಬಾರ್ಶಿಯ ಹಳ್ಳಿಗಳಿಂದ ಟಿಸಿಜಿಎವರೆಗೆ: ಕ್ಯಾನ್ಸರ್ ಸಂಶೋಧನೆಯ ಸಾರ್ವಜನಿಕ ದತ್ತಾಂಶ ಭಂಡಾರಗಳು

ಸೊಲ್ಲಾಪುರದಲ್ಲಿ ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಉದ್ದೇಶಿಸಿ ಕನ್ನಡದಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬರಿಯ ಮಾತಿನಲ್ಲಿ ಹೇಳಬೇಕಾದ್ದರಿಂದ ಕೆಲವು ಕಡೆ ಬೆಳೆಸಿದ್ದೇನೆ, ಕೆಲವು ಕಡೆ ಮೊಟಕುಗೊಳಿಸಿದ್ದೇನೆ.

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ಈ ಊರಿನಲ್ಲಿ ಪ್ರಯೋಗಾಲಯದ ಭಾಷೆ ಇಂಗ್ಲಿಷ್, ಪೇಟೆಯ ಭಾಷೆ ಮರಾಠಿ, ನಮ್ಮಲ್ಲಿ ಅನೇಕರ ಅಡುಗೆಮನೆಯ ಭಾಷೆ ಕನ್ನಡ. ಅಡುಗೆಮನೆಯ ಭಾಷೆಯಲ್ಲಿ ಜೀನೋಮಿನ, ಅಂದರೆ ಒಂದು ಜೀವಿಯ ಡಿಎನ್‌ಎಯ ಪೂರ್ತಿ ಬರಹದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ಒಪ್ಪಿಕೊಂಡೆನಾದರೂ, ಮೊದಲ ತೊಡಕು ಶೀರ್ಷಿಕೆಯಲ್ಲಿಯೇ ಎದುರಾಯಿತು. ದತ್ತಾಂಶವನ್ನು ಒಂದೆಡೆ ಕೂಡಿಟ್ಟು ಬೇಕಾದವರಿಗೆ ತೆಗೆದುಕೊಡುವ ವ್ಯವಸ್ಥೆಗೆ ಭಂಡಾರ ಎನ್ನಬೇಕೋ ಕೋಶ ಎನ್ನಬೇಕೋ ಕಣಜ ಎನ್ನಬೇಕೋ ಎಂದು ಯೋಚಿಸುತ್ತಿರುವಾಗ, ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಅಜ್ಜನ ಮನೆಯ ಹಗೇವು ನೆನಪಾಯಿತು. ಮರಾಠಿಯಲ್ಲಿ ಅದನ್ನೇ ಪೇವ ಎನ್ನುತ್ತಾರೆ. ನೆಲದೊಳಗೆ ತೋಡಿ, ಗೋಡೆಗೆ ಜೋಳದ ದಂಟು ಹೊಟ್ಟುಗಳನ್ನು ಒತ್ತಿ, ಕಾಳು ತುಂಬಿ ಬಾಯಿ ಮುಚ್ಚಿದರೆ ಎರಡು ಮೂರು ವರ್ಷ ಜೋಳ ಕೆಡದೆ ಉಳಿಯುತ್ತಿತ್ತು. ಆದರೆ ಬಾಯಿ ತೆಗೆದ ಕೂಡಲೇ ಯಾರೂ ಅದರೊಳಗೆ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ ಎಂದು ಒಂದು ಹೊತ್ತು ತೆರೆದಿಟ್ಟು, ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಯಾವ ಹೊಲದ ಜೋಳ ಕೆಳಗಿದೆ, ಯಾವುದು ಮೇಲಿದೆ ಎಂಬುದು ಅಜ್ಜನಿಗೆ ಬಾಯಿಪಾಠವಾಗಿತ್ತು. ಭಾಷಣದುದ್ದಕ್ಕೂ ಭಂಡಾರ ಎಂದೇ ಹೇಳುತ್ತೇನೆ, ಕೇಳುವವರು ಹಗೇವು ಎಂದುಕೊಂಡರೆ ನನಗೆ ಅಡ್ಡಿಯಿಲ್ಲ.

ಅಮೆರಿಕದ ದೊಡ್ಡ ಭಂಡಾರಗಳಿಗೆ ಹೋಗುವ ಮೊದಲು ನಮ್ಮ ಜಿಲ್ಲೆಯ ಒಂದು ಭಂಡಾರದ ಕುರಿತು ಹೇಳಬೇಕು, ಏಕೆಂದರೆ ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಅದರ ಹೆಸರು ಕೇಳಿಲ್ಲವೆಂದು ನನ್ನ ಊಹೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭವಾದದ್ದು 1981ರಲ್ಲಿ, ಮತ್ತು ಮೊದಲ ನೋಂದಣಿ ಕೇಂದ್ರಗಳೆಲ್ಲ ಬೆಂಗಳೂರು, ಚೆನ್ನೈ, ಮುಂಬಯಿಯಂತಹ ನಗರಗಳಲ್ಲಿದ್ದವು. ಹಳ್ಳಿಯ ಜನರಲ್ಲಿ ಯಾವ ಕ್ಯಾನ್ಸರ್ ಎಷ್ಟಿದೆ ಎಂದು ಎಣಿಸಲು ದೇಶದಲ್ಲಿ ಮೊದಲು ಹೊರಟದ್ದು 1987ರಲ್ಲಿ, ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಬಾರ್ಶಿಯಲ್ಲಿ. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಮುನ್ನೂರಕ್ಕೂ ಹೆಚ್ಚು ಹಳ್ಳಿಗಳು ಆ ನೋಂದಣಿಯ ವ್ಯಾಪ್ತಿಗೆ ಬಂದವು. ನಗರದಲ್ಲಿ ನೋಂದಣಿ ಸಿಬ್ಬಂದಿ ಆಸ್ಪತ್ರೆಗಳ ಕಡತ ತಿರುವಿ ಹಾಕಿದರೆ ರೋಗಿಗಳ ಲೆಕ್ಕ ಬಹುಮಟ್ಟಿಗೆ ಸಿಗುತ್ತದೆ, ಆದರೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರು ಹೆಚ್ಚಿರುವ ಕಡೆ ಕಡತದಲ್ಲಿ ಹುಡುಕಿದರೆ ಏನು ಸಿಕ್ಕೀತು? ಆದ್ದರಿಂದ ಬಾರ್ಶಿಯಲ್ಲಿ ವೈದ್ಯರಲ್ಲದ, ಆದರೆ ತರಬೇತಿ ಪಡೆದ ಕ್ಷೇತ್ರ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋದರು, ಜನರನ್ನು ಕೂಡಿಸಿ ಮಾತನಾಡಿದರು, ಬಾಯಲ್ಲಿ ಮಾಯದ ಹುಣ್ಣಿದ್ದವರನ್ನು, ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದ್ದವರನ್ನು ತಪಾಸಣೆಗೆ ಬರುವಂತೆ ಒಪ್ಪಿಸಿದರು.

ಹೀಗೆ ಎಣಿಸುವ ಕೆಲಸವೇ ರೋಗವನ್ನು ಬೇಗ ಪತ್ತೆ ಮಾಡುವ ಕೆಲಸವೂ ಆಯಿತು. ಗರ್ಭಕೊರಳಿನ ಕ್ಯಾನ್ಸರ್ ಆರಂಭದ ಹಂತದಲ್ಲಿಯೇ ತಿಳಿದುಬಂದವರ ಪಾಲು ಕೆಲವೇ ವರ್ಷಗಳಲ್ಲಿ ಏರಿತು. ಒಟ್ಟು ಕ್ಯಾನ್ಸರ್ ಪ್ರಮಾಣ ಮುಂಬಯಿಗಿಂತ ಇಲ್ಲಿ ಬಹಳ ಕಡಿಮೆ, ಆದರೆ ಗರ್ಭಕೊರಳಿನದು ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚು ಎಂಬುದೂ ಆ ಕೋಷ್ಟಕಗಳಿಂದಲೇ ಗೊತ್ತಾದದ್ದು. ಅದೇ ನೆಲದ ಅನುಭವದ ಮೇಲೆ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, 30ರಿಂದ 59 ವರ್ಷದ 1,31,746 ಹೆಂಗಸರನ್ನು ಒಳಗೊಂಡ ಒಂದು ದೊಡ್ಡ ಪರೀಕ್ಷೆ ನಡೆಯಿತು. ಹಳ್ಳಿಗಳನ್ನು 52 ಗುಂಪುಗಳಾಗಿ ಮಾಡಿ, ಯಾವ ಗುಂಪಿಗೆ ಯಾವ ತಪಾಸಣೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ವರ್ಷಗಟ್ಟಲೆ ಕಾದು ನೋಡಿದಾಗ, ಒಂದೇ ಒಂದು ಸಲ, ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದಾದ ಸಾವು ಸರಿಸುಮಾರು ಅರ್ಧಕ್ಕೆ ಇಳಿದಿತ್ತು. 2009ರಲ್ಲಿ ಅದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಪರದೆಯ ಮೇಲೆ ಕಾಣುವ ಯಾವುದೇ ಅಂಕಿಯ ಹಿಂದೆ ಯಾರೋ ಒಬ್ಬರು ಯಾವುದೋ ದಾರಿಯಲ್ಲಿ ನಡೆದು ಬಂದಿರುತ್ತಾರೆ ಎಂಬುದು ನಮಗೆ ಇಷ್ಟು ಹತ್ತಿರದಲ್ಲಿಯೇ ಕಾಣುವುದರಿಂದ ಇದನ್ನು ಮೊದಲು ಹೇಳಿದೆ. ಮುಂದಿನದೆಲ್ಲ ಆ ದಾರಿಯನ್ನು ಹಿಂದಕ್ಕೆ ಹುಡುಕುವ ಮಾತೇ.

ಈಗ ಟಿಸಿಜಿಎ. ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಎಂಬ ಈ ಯೋಜನೆಯನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮತ್ತು ರಾಷ್ಟ್ರೀಯ ಮಾನವ ಜೀನೋಮ್ ಸಂಶೋಧನಾ ಸಂಸ್ಥೆ ಕೂಡಿ 2006ರಲ್ಲಿ ಆರಂಭಿಸಿದವು. 33 ಬಗೆಯ ಕ್ಯಾನ್ಸರುಗಳ ಸುಮಾರು 11,000 ರೋಗಿಗಳ ಗೆಡ್ಡೆಯ ತುಣುಕನ್ನೂ, ಜೊತೆಗೆ ಅದೇ ರೋಗಿಯ ರಕ್ತವನ್ನೋ ಪಕ್ಕದ ಆರೋಗ್ಯವಂತ ಅಂಗಾಂಶವನ್ನೋ ತೆಗೆದುಕೊಂಡು, ಡಿಎನ್‌ಎ, ಆರ್‌ಎನ್‌ಎ, ಕೆಲವು ಪ್ರೋಟೀನುಗಳು, ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳು, ಇವನ್ನೆಲ್ಲ ಒಂದೇ ಪದ್ಧತಿಯಲ್ಲಿ ಓದಿಟ್ಟರು. 2016ರಿಂದ ಇದೆಲ್ಲ ಜೀನೋಮಿಕ್ ಡೇಟಾ ಕಾಮನ್ಸ್ ಎಂಬ ಭಂಡಾರದಲ್ಲಿದೆ. ನಮ್ಮ ಜಿಲ್ಲಾ ಕೇಂದ್ರದ ಯಾವುದೇ ಕಾಲೇಜಿನ ಕಂಪ್ಯೂಟರಿನಲ್ಲಿ, ಒಂದು ರೂಪಾಯಿಯನ್ನೂ ಕೊಡದೆ, ಅದರ ಬಹುಭಾಗವನ್ನು ಇಳಿಸಿಕೊಳ್ಳಬಹುದು.

ಬಹುಭಾಗ ಎಂದೆ, ಎಲ್ಲವನ್ನೂ ಅಲ್ಲ. ಯಾವ ಜೀನ್ ಎಷ್ಟು ವ್ಯಕ್ತವಾಗಿದೆ, ಅಂದರೆ ಎಷ್ಟು ಕೆಲಸ ಮಾಡುತ್ತಿದೆ, ಗೆಡ್ಡೆಯಲ್ಲಿ ಮಾತ್ರ ಯಾವ ಮ್ಯುಟೇಶನ್, ಅಂದರೆ ಡಿಎನ್‌ಎ ಬದಲಾವಣೆ ಆಗಿದೆ, ರೋಗಿಯ ವಯಸ್ಸು ಮತ್ತು ರೋಗದ ಹಂತವೇನು ಎಂಬಿಷ್ಟು ಎಲ್ಲರಿಗೂ ತೆರೆದಿವೆ. ಅಕ್ಷರ ಅಕ್ಷರವಾಗಿ ಓದಿದ ಮೂಲ ಡಿಎನ್‌ಎ ಸರಣಿಯೂ, ರೋಗಿ ಹುಟ್ಟಿನಿಂದ ತಂದ ಜೀನ್ ವ್ಯತ್ಯಾಸಗಳೂ ಬೀಗದೊಳಗಿವೆ. ಹುಟ್ಟಿನಿಂದ ತಂದದ್ದು ಆ ಒಬ್ಬರದಷ್ಟೇ ಅಲ್ಲ, ಅವರ ಮಕ್ಕಳದೂ ತಂಗಿಯದೂ ಆಗಿರುತ್ತದೆ, ಮತ್ತು ಹೆಸರು ಅಳಿಸಿದ ಮೇಲೂ ಡಿಎನ್‌ಎಯಿಂದ ವ್ಯಕ್ತಿಯನ್ನು ಗುರುತಿಸಲು ಸಾಧ್ಯವಿದೆ. ಬೀಗ ತೆಗೆಸಬೇಕಾದರೆ ಸಂಶೋಧನೆಯ ಉದ್ದೇಶ ಬರೆದು, ಸಂಸ್ಥೆಯ ಅಧಿಕೃತ ಸಹಿಯೊಂದಿಗೆ ಅರ್ಜಿ ಹಾಕಬೇಕು. ನಮ್ಮ ಕಾಲೇಜುಗಳಲ್ಲಿ ಆ ಸಹಿ ಯಾರದು ಎಂದು ಗೊತ್ತು ಮಾಡಿಕೊಳ್ಳುವುದಕ್ಕೇ ಒಂದು ಶೈಕ್ಷಣಿಕ ವರ್ಷ ಹೋಗಬಹುದು, ಆ ಮಾತು ಬೇರೆ.

ಕಚ್ಚಾ ದತ್ತಾಂಶವನ್ನು ಇಳಿಸಿಕೊಂಡು ಪ್ರೋಗ್ರಾಮ್ ಬರೆಯಲು ಬಾರದವರಿಗಾಗಿ ಅನೇಕ ಜಾಲತಾಣಗಳಿವೆ. ಒಂದನ್ನು ಹತ್ತಿರದಿಂದ ನೋಡೋಣ. ಯುಅಲ್ಕನ್ ಎಂಬುದು ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಗಿ 2017ರಲ್ಲಿ ಪ್ರಕಟವಾದ ತಾಣ. ಅದರ ಲೇಖನದ ಲೇಖಕರ ಪಟ್ಟಿ ಚಂದ್ರಶೇಖರ್ ಎಂಬಲ್ಲಿ ಆರಂಭವಾಗಿ ವಾರಂಬಳ್ಳಿ ಎಂಬಲ್ಲಿ ಮುಗಿಯುತ್ತದೆ. ವಾರಂಬಳ್ಳಿ ಎಂದರೆ ನಮ್ಮ ಉಡುಪಿ ಸೀಮೆಯ ಬ್ರಹ್ಮಾವರದ ಮಗ್ಗುಲ ಊರಿನ ಹೆಸರೂ ಹೌದು ಎಂದಾಗ ಸಭೆಯ ಹಿಂದಿನ ಸಾಲು ಎದ್ದು ಕುಳಿತದ್ದನ್ನು ನಾನು ಗಮನಿಸಿದೆ. ಆ ಹುಡುಕು ಪೆಟ್ಟಿಗೆಯಲ್ಲಿ ಇಜೆಡ್‌ಎಚ್2 ಎಂಬ ಜೀನಿನ ಹೆಸರು ಬರೆದು, ಸ್ತನದ ಕ್ಯಾನ್ಸರ್ ಆರಿಸಿ ಒತ್ತಿದರೆ, ಕೆಲವೇ ಕ್ಷಣಗಳಲ್ಲಿ ಎರಡು ಪೆಟ್ಟಿಗೆ ಚಿತ್ರಗಳು ಬರುತ್ತವೆ, ಜೀನ್ ಎಷ್ಟು ವ್ಯಕ್ತವಾಗಿದೆ ಎಂಬುದರ ಹರವು ತೋರಿಸುವಂತಹವು; ಕೆಳಗಿನ ಅಂಕಿ ಮಾದರಿಗಳ ಸಂಖ್ಯೆ. ಎಡಗಡೆಯದರ ಕೆಳಗೆ ಸಾಮಾನ್ಯ ಅಂಗಾಂಶ, 114. ಬಲಗಡೆಯದರ ಕೆಳಗೆ ಗೆಡ್ಡೆ, 1097. ಬಲಗಡೆಯ ಪೆಟ್ಟಿಗೆ ಮೇಲಕ್ಕಿದೆ. ಅಂದರೆ ಈ ಜೀನ್ ಗೆಡ್ಡೆಯಲ್ಲಿ ಹೆಚ್ಚು ಕೆಲಸ ಮಾಡುತ್ತಿದೆ.

ಇಲ್ಲಿಗೆ ನಮ್ಮ ಅನೇಕ ವಿದ್ಯಾರ್ಥಿಗಳ ಪ್ರಬಂಧ ಮುಗಿಯುತ್ತದೆ. ನಾನು ಹೇಳಬೇಕಾದದ್ದು ಇಲ್ಲಿಂದ ಆರಂಭ. 1097ರ ಎದುರು 114 ಏಕೆ? ಸಾಮಾನ್ಯ ಎಂದು ಬರೆದಿರುವ ಅಂಗಾಂಶ ಆರೋಗ್ಯವಂತ ಹೆಂಗಸಿನದಲ್ಲ, ಅದೇ ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆಯ ಬದಿಯಿಂದ ತೆಗೆದದ್ದು, ಮತ್ತು ಎಲ್ಲರಿಂದಲೂ ತೆಗೆದಿರಲಿಲ್ಲ. ಗೆಡ್ಡೆಯ ಪಕ್ಕದಲ್ಲಿ ವರ್ಷಗಟ್ಟಲೆ ಇದ್ದ ಅಂಗಾಂಶ ಪೂರ್ತಿ ಸಾಮಾನ್ಯವಾಗಿರುತ್ತದೆಂದು ಹೇಳುವಂತಿಲ್ಲ. ಅಂಡಾಶಯದ ಕ್ಯಾನ್ಸರಿನಲ್ಲಂತೂ ಟಿಸಿಜಿಎಯ ಆರ್‌ಎನ್‌ಎ ದತ್ತಾಂಶದಲ್ಲಿ ಹೋಲಿಸಲು ಸಾಮಾನ್ಯ ಅಂಗಾಂಶವೇ ಇಲ್ಲ. ಆದ್ದರಿಂದ ಪೀಕಿಂಗ್ ವಿಶ್ವವಿದ್ಯಾಲಯದವರು ರೂಪಿಸಿದ ಜೆಪಿಯಾ ಎಂಬ ತಾಣ, ಮರಣಾನಂತರ ದಾನವಾಗಿ ಬಂದ ಅಂಗಾಂಶಗಳಿಂದ ಕಟ್ಟಿದ ಜಿಟೆಕ್ಸ್ ಎಂಬ ಬೇರೆ ಯೋಜನೆಯ ಮಾದರಿಗಳನ್ನು ತಂದು ಪಕ್ಕಕ್ಕಿಡುತ್ತದೆ. ಅದು ಉಪಯುಕ್ತ, ಆದರೆ ಸತ್ತವರ ಅಂಗಾಂಶದ ಆರ್‌ಎನ್‌ಎಯನ್ನೂ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಬಂದದ್ದನ್ನೂ ಹೋಲಿಸುತ್ತಿದ್ದೇವೆ ಎಂಬ ಅರಿವು ಚಿತ್ರದ ಅಡಿಬರಹದಲ್ಲಿಯಾದರೂ ಇರಬೇಕು.

ನಾನೂ ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ ಸ್ತನದ ಕ್ಯಾನ್ಸರಿನ ಕಡತಗಳನ್ನೆಲ್ಲ ಇಳಿಸಿಕೊಂಡು, ಒಂದು ಜೀನಿಗೂ ರೋಗಿಗಳ ಆಯುಷ್ಯಕ್ಕೂ ಸಂಬಂಧ ಹುಡುಕಿ, ತಿಂಗಳುಗಟ್ಟಲೆ ಕೆಲಸ ಮಾಡಿ ಒಂದು ಕರಡು ಬರೆದೆ. ಚಹಾ ಕುಡಿಯುತ್ತಾ ಅದನ್ನು ಓದಿದ ಸಹೋದ್ಯೋಗಿಯೊಬ್ಬರು, ಸರ್, ನಿಮ್ಮಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ರೋಗಿಗಳು ಹೇಗೆ ಬಂದರು, ಆ ಯೋಜನೆಯಲ್ಲಿ ಅಷ್ಟು ಜನರೇ ಇಲ್ಲವಲ್ಲ ಎಂದರು. ಪ್ರತಿ ಮಾದರಿಗೂ ಒಂದು ಸಂಕೇತ ಇರುತ್ತದೆ: ಮೊದಲು ಟಿಸಿಜಿಎ ಎಂದು, ಆಮೇಲೆ ಮಾದರಿ ಬಂದ ಕೇಂದ್ರದ ಗುರುತು, ಆಮೇಲೆ ರೋಗಿಯ ಗುರುತು, ನಾಲ್ಕನೆಯ ಭಾಗದಲ್ಲಿ ಎರಡು ಅಂಕಿ. ಆ ಅಂಕಿ 01 ಇದ್ದರೆ ಮೂಲ ಗೆಡ್ಡೆ, 06 ಇದ್ದರೆ ಬೇರೆಡೆಗೆ ಹರಡಿದ ಗೆಡ್ಡೆ, 11 ಇದ್ದರೆ ಪಕ್ಕದ ಸಾಮಾನ್ಯ ಅಂಗಾಂಶ. ನಾನು ಆ ಎರಡು ಅಂಕಿಗಳನ್ನು ನೋಡದೆ, 114 ಹೆಂಗಸರನ್ನು ಎರಡೆರಡು ಸಲ ಎಣಿಸಿದ್ದೆ. ಕರಡು ಅಲ್ಲಿಗೇ ನಿಂತಿತು.

ಆಯುಷ್ಯದ ರೇಖೆಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಜಾಲತಾಣಗಳು ಕೊಡುವ ಚಿತ್ರಗಳಲ್ಲಿ ಜನರನ್ನು ಬೇಗ ಮರುಳು ಮಾಡುವುದು ಅದೇ. ಕ್ಯಾಪ್ಲನ್ ಮತ್ತು ಮಯರ್ ಎಂಬವರು 1958ರಲ್ಲಿ ತೋರಿಸಿದ ವಿಧಾನದಂತೆ, ಜೀನ್ ಹೆಚ್ಚಿರುವವರು ಒಂದು ಗುಂಪು, ಕಡಿಮೆ ಇರುವವರು ಇನ್ನೊಂದು ಗುಂಪು ಎಂದು ಮಾಡಿ, ಕಾಲ ಕಳೆದಂತೆ ಎಷ್ಟು ಜನ ಉಳಿದರು ಎಂದು ಮೆಟ್ಟಿಲು ಮೆಟ್ಟಿಲಾಗಿ ಎಳೆದ ಗೆರೆಗಳವು. ಹೆಚ್ಚು ಎಂದರೆ ಎಷ್ಟರಿಂದ ಮೇಲೆ? ಬುಡಾಪೆಸ್ಟಿನವರು 2010ರಿಂದ ನಡೆಸುತ್ತಿರುವ, ಬಹಳ ಜನ ಬಳಸುವ ಒಂದು ತಾಣದಲ್ಲಿ ಅತ್ಯುತ್ತಮ ಗಡಿಯನ್ನು ಯಂತ್ರವೇ ಹುಡುಕಲಿ ಎಂಬ ಆಯ್ಕೆ ಇದೆ. ಎಲ್ಲಿ ಕತ್ತರಿಸಿದರೆ ಎರಡು ಗೆರೆಗಳು ಅತಿ ದೂರ ಸರಿಯುತ್ತವೋ ಅಲ್ಲಿ ಕತ್ತರಿಸಿ, ನೋಡಿ ಎಷ್ಟು ದೂರವಿವೆ ಎಂದು ಬೆರಗುಪಡುವುದು ಬಾಣ ಹೊಡೆದ ಮೇಲೆ ಅದರ ಸುತ್ತ ಗುರಿಯ ವೃತ್ತ ಬರೆದಂತೆ. ಆ ತಾಣದವರು ಇದನ್ನು ಮುಚ್ಚಿಟ್ಟಿಲ್ಲ, ಹಲವು ಸಲ ಪರೀಕ್ಷಿಸಿದ್ದಕ್ಕೆ ತಿದ್ದುಪಡಿಯ ಅಂಕಿಯನ್ನೂ ಕೊಡುತ್ತಾರೆ. ಪ್ರಬಂಧಕ್ಕೆ ಚಿತ್ರವನ್ನು ಮಾತ್ರ ಎತ್ತಿಕೊಳ್ಳುವವರು ನಾವು. ಇನ್ನೊಂದು ಲೆಕ್ಕ: ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನುಗಳು ಸುಮಾರು 20,000. ಆಯುಷ್ಯಕ್ಕೆ ಯಾವುದೂ ಸಂಬಂಧಿಸಿಲ್ಲ ಎಂದೇ ಇಟ್ಟುಕೊಂಡರೂ, 0.05ರ ಜರಡಿಯಲ್ಲಿ, ಅಂದರೆ ಆಕಸ್ಮಿಕವಾಗಿ ನೂರಕ್ಕೆ ಐದು ತಪ್ಪನ್ನು ಒಪ್ಪುವ ಲೆಕ್ಕದಲ್ಲಿ, ಸುಮಾರು ಸಾವಿರ ಜೀನುಗಳು ಸುಮ್ಮನೆ ಬಂದು ನಿಲ್ಲುತ್ತವೆ. ಸ್ತನದ ಕ್ಯಾನ್ಸರಿನಲ್ಲಿ ತೊಡಕು ಇನ್ನೂ ಒಂದಿದೆ. ಆ ರೋಗಿಗಳು ಬಹುಕಾಲ ಬದುಕುತ್ತಾರೆ, ಟಿಸಿಜಿಎಯವರು ಅವರನ್ನು ಹಿಂಬಾಲಿಸಿದ ಅವಧಿ ಚಿಕ್ಕದು. ಸಾವನ್ನು ಎಣಿಸುವುದಕ್ಕಿಂತ ರೋಗ ಮುಂದುವರಿದದ್ದನ್ನು ಎಣಿಸುವುದು ಇಲ್ಲಿ ಲೇಸು ಎಂದು ಅದೇ ದತ್ತಾಂಶವನ್ನು ಪರಿಶೀಲಿಸಿದವರು 2018ರಲ್ಲಿಯೇ ಹೇಳಿದ್ದಾರೆ.

ಉಳಿದ ತಾಣಗಳನ್ನು ಬೇಗನೆ ದಾಟುತ್ತೇನೆ, ಬಳಸಿಯೇ ಕಲಿಯಬೇಕಾದವು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಹುಟ್ಟಿದ ಸಿಬಯೋಪೋರ್ಟಲ್‌ನಲ್ಲಿ ಪ್ರತಿ ರೋಗಿಗೆ ಒಂದು ತೆಳು ಕಡ್ಡಿಯಂತೆ ಸಾಲಾಗಿ ನಿಲ್ಲಿಸಿ, ಯಾರಲ್ಲಿ ಯಾವ ಜೀನ್ ಕೆಟ್ಟಿದೆ ಎಂದು ಬಣ್ಣದಲ್ಲಿ ತೋರಿಸುತ್ತಾರೆ. ಚಾದರದ ಊರಿನವರಿಗೆ ಅದು ಮಗ್ಗದ ಹಾಸಿನಂತೆಯೇ ಕಾಣುತ್ತದೆ. ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ಕಾಸ್ಮಿಕ್‌ನಲ್ಲಿ ಮ್ಯುಟೇಶನ್ನುಗಳ ಪಟ್ಟಿ, ಸ್ವೀಡನ್ನಿನ ಹ್ಯೂಮನ್ ಪ್ರೋಟೀನ್ ಅಟ್ಲಾಸ್‌ನಲ್ಲಿ ಬಣ್ಣ ಹಾಕಿದ ಅಂಗಾಂಶದ ಚಿತ್ರಗಳು, 2000ದಿಂದ ನಡೆಯುತ್ತಿರುವ ಜಿಇಒ ಎಂಬ ಅಮೆರಿಕದ ಭಂಡಾರದಲ್ಲಿ ಜಗತ್ತಿನ ಸಾವಿರಾರು ಪ್ರಯೋಗಾಲಯಗಳು ಒಪ್ಪಿಸಿದ ದತ್ತಾಂಶ ಸಿಗುತ್ತದೆ. ಮತ್ತು ಒಂದು ಎಚ್ಚರಿಕೆ: ಇಳಿಸಿದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯುವ ಮುನ್ನ ಜೀನ್ ಹೆಸರುಗಳಿರುವ ಕಂಬಸಾಲನ್ನು ಬರಹ ಎಂದು ಗುರುತಿಸಿ. ಸೆಪ್ಟ್2, ಮಾರ್ಚ್1 ಎಂಬ ಜೀನುಗಳನ್ನು ಎಕ್ಸೆಲ್ ತಾರೀಕೆಂದು ತಿಳಿದು ಸದ್ದಿಲ್ಲದೆ ಬದಲಿಸುತ್ತಿತ್ತು. ಜೀನ್ ಪಟ್ಟಿಗಳನ್ನು ಎಕ್ಸೆಲ್ ರೂಪದಲ್ಲಿ ಲಗತ್ತಿಸಿದ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂತಹ ತಪ್ಪಿದೆಯೆಂದು 2016ರಲ್ಲಿ ಲೆಕ್ಕ ಹಾಕಿದರು. ಕೊನೆಗೆ ಎಕ್ಸೆಲ್ ಬಗ್ಗುವ ಮೊದಲು ಜೀನುಗಳೇ ಬಗ್ಗಿದವು: 2020ರಲ್ಲಿ ಅವುಗಳ ಅಧಿಕೃತ ಹೆಸರು ಬದಲಾಯಿತು.

ಈಗ ಈ ಭಂಡಾರದಲ್ಲಿ ಯಾರ ಹೊಲದ ಜೋಳ ಇದೆ ಎಂಬ ಪ್ರಶ್ನೆ. ಟಿಸಿಜಿಎಯ ಹತ್ತು ಬಗೆಯ ಕ್ಯಾನ್ಸರುಗಳ 5,729 ಮಾದರಿಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ ಬಿಳಿಯರು ಶೇಕಡ 77, ಏಷ್ಯಾ ಮೂಲದವರು ಶೇಕಡ 3. ಮೇಲಾಗಿ, ಆ ಯೋಜನೆಗೆ ಬೇಕಾಗಿದ್ದದ್ದು ಚಿಕಿತ್ಸೆ ಇನ್ನೂ ಆರಂಭವಾಗದ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ಒಡನೆಯೇ ಹೆಪ್ಪುಗಟ್ಟಿಸಿದ, ಸಾಕಷ್ಟು ದೊಡ್ಡ ಗೆಡ್ಡೆ. ರೋಗ ಬಲಿತ ಮೇಲೆ ಬಂದು, ಮೊದಲು ಕಿಮೊಥೆರಪಿ ಪಡೆದು, ಆಮೇಲೆ ಶಸ್ತ್ರಚಿಕಿತ್ಸೆಗೆ ಹೋಗುವ ನಮ್ಮ ಅನೇಕ ರೋಗಿಗಳು ಆ ಜರಡಿಯಲ್ಲಿ ಉಳಿಯುವವರೇ ಅಲ್ಲ. ಬಾಯಿಯ ಕ್ಯಾನ್ಸರನ್ನೇ ನೋಡಿ. ಟಿಸಿಜಿಎಯಲ್ಲಿ ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ ಎಲ್ಲವೂ ಸೇರಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ಎಂಬ ಒಂದೇ ಗುಂಪು. ತಂಬಾಕನ್ನು ಕೆನ್ನೆಯ ಸಂದಿಯಲ್ಲಿ ಒತ್ತಿಟ್ಟುಕೊಳ್ಳುವ, ಬೆಳಿಗ್ಗೆದ್ದು ಮಿಶ್ರಿ ಎಂಬ ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ನಮ್ಮ ಸೀಮೆಯಲ್ಲಿ ರೋಗ ಹೆಚ್ಚಾಗಿ ಕೂರುವುದು ಒಸಡು ಮತ್ತು ಕೆನ್ನೆಯ ಒಳಬದಿಯಲ್ಲಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಆರಿಸಿಕೊಂಡದ್ದು ಅದನ್ನೇ. ಕಲ್ಯಾಣಿಯ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಘಟಕವಾದ ಆಕ್ಟ್ರೆಕ್ ಕೂಡಿ, ಮೊದಲು 50 ರೋಗಿಗಳಲ್ಲಿ, ಆಮೇಲೆ ಇನ್ನೂ 60 ಮಂದಿಯಲ್ಲಿ ನೋಡಿ 2013ರಲ್ಲಿ ಪ್ರಕಟಿಸಿದಾಗ, ಟಿಪಿ53ರಂತಹ ಹಳೆಯ ಪರಿಚಿತ ಜೀನುಗಳ ಜೊತೆಗೆ ಯುಎಸ್‌ಪಿ9ಎಕ್ಸ್, ಎಂಎಲ್‌ಎಲ್4ರಂತಹ ಹೊಸ ಹೆಸರುಗಳೂ ಬಂದವು.

ನಮ್ಮವರ ದತ್ತಾಂಶ ಇಲ್ಲದಿದ್ದರೆ ಆಗುವ ಹಾನಿ ಬರಿಯ ಅಭಿಮಾನದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಗೆಡ್ಡೆಯ ಡಿಎನ್‌ಎಯಲ್ಲಿ ಕಂಡ ವ್ಯತ್ಯಾಸ ರೋಗದಿಂದ ಆದದ್ದೋ, ಆ ಮನುಷ್ಯ ಹುಟ್ಟಿನಿಂದಲೇ ತಂದದ್ದೋ ಎಂದು ತಿಳಿಯಲು ಅದೇ ಮನುಷ್ಯನ ರಕ್ತ ಬೇಕು. ಅದು ಇಲ್ಲದಿದ್ದಾಗ ಆರೋಗ್ಯವಂತರಲ್ಲಿ ಕಾಣುವ ವ್ಯತ್ಯಾಸಗಳ ಪಟ್ಟಿಯನ್ನು ತಂದು, ಅದರಲ್ಲಿರುವುದನ್ನು ಬಿಟ್ಟುಬಿಡುತ್ತಾರೆ. ಪಟ್ಟಿ ಯುರೋಪಿನವರದಾದರೆ, ನಮ್ಮ ಹತ್ತು ಹಳ್ಳಿಗಳಲ್ಲಿ ಎಲ್ಲರಲ್ಲಿಯೂ ಇರುವ ನಿರುಪದ್ರವಿ ವ್ಯತ್ಯಾಸವೂ ಕ್ಯಾನ್ಸರಿನ ಮ್ಯುಟೇಶನ್ ಎಂದು ಲೆಕ್ಕಕ್ಕೆ ಬರುತ್ತದೆ. ಟಾಟಾ ಸ್ಮಾರಕ ಕೇಂದ್ರದವರು 2016ರಲ್ಲಿ ಕೇವಲ 62 ಸಾಮಾನ್ಯ ಮಾದರಿಗಳಿಂದ ಟಿಎಂಸಿ-ಎಸ್‌ಎನ್‌ಪಿಡಿಬಿ ಎಂಬ ಪಟ್ಟಿ ಮಾಡಿದಾಗ, ಬೇರೆ ಪಟ್ಟಿಗಳಲ್ಲಿ ಇಲ್ಲದ ಲಕ್ಷಕ್ಕೂ ಹೆಚ್ಚು ವ್ಯತ್ಯಾಸಗಳು ಸಿಕ್ಕವು. ಆಮೇಲೆ ಈ ಹೊಲ ಬೆಳೆಯುತ್ತಿದೆ: ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರಿಂದ ಕೆಲಸ ಮಾಡುತ್ತಿದೆ, ಅಲ್ಲಿ 10,000 ಭಾರತೀಯರ ಜೀನೋಮುಗಳಿವೆ, ಮದ್ರಾಸ್ ಐಐಟಿಯವರು 480 ಸ್ತನ ಕ್ಯಾನ್ಸರ್ ರೋಗಿಗಳ ದತ್ತಾಂಶದೊಂದಿಗೆ ಭಾರತ್ ಕ್ಯಾನ್ಸರ್ ಜೀನೋಮ್ ಅಟ್ಲಾಸನ್ನು 2025ರ ಫೆಬ್ರವರಿಯಲ್ಲಿ ತೆರೆದರು.

ಭಂಡಾರಗಳು ಮುಚ್ಚುವುದೂ ಉಂಟು. ಒಂದು ಕಾಲಕ್ಕೆ ನಮ್ಮ ಪೀಳಿಗೆಯವರೆಲ್ಲ ಬಳಸುತ್ತಿದ್ದ ಆಂಕೊಮೈನ್ ಎಂಬ ತಾಣ ಈಗ ಇಲ್ಲ, ಮೇಲೆ ಹೇಳಿದ ಅಂತಾರಾಷ್ಟ್ರೀಯ ಒಕ್ಕೂಟದ ಹಳೆಯ ತಾಣವೂ ಬಾಗಿಲು ಹಾಕಿಕೊಂಡಿದೆ.

ಪ್ರಶ್ನೋತ್ತರದಲ್ಲಿ ಹಿರಿಯ ವೈದ್ಯರೊಬ್ಬರು, ದೇಶದಲ್ಲಿ 2022ರಲ್ಲಿ 14 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು ಎಂದು ಗ್ಲೋಬೊಕ್ಯಾನ್ ಎಂಬ ಜಾಗತಿಕ ಕ್ಯಾನ್ಸರ್ ಅಂಕಿಅಂಶ ಹೇಳುತ್ತದಲ್ಲ, ಅದನ್ನು ನಂಬಬಹುದೇ ಎಂದು ಕೇಳಿದರು. ಅದು ಎಣಿಕೆಯಲ್ಲ, ಅಂದಾಜು. ನಮ್ಮ ಜನಸಂಖ್ಯೆಯ ಹತ್ತರಲ್ಲಿ ಒಂದೆರಡು ಪಾಲನ್ನಷ್ಟೇ ನೋಂದಣಿ ಕೇಂದ್ರಗಳು ನೋಡುತ್ತಿವೆ, ಉಳಿದದ್ದನ್ನು ಅದರಿಂದ ಹಿಗ್ಗಿಸಿದ್ದಾರೆ. ಆ ಚಿಕ್ಕ ಪಾಲಿನಲ್ಲಿ ಹಳ್ಳಿಗಳು ಕಡಿಮೆ, ಹಾಗಾಗಿ ಬಾರ್ಶಿಯ ಒಂದೊಂದು ಹೆಸರಿಗೂ ಅದರ ಗಾತ್ರಕ್ಕೆ ಮೀರಿದ ತೂಕವಿದೆ ಎಂದು ಉತ್ತರಿಸಿದೆ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು, ಸರ್, ನಾನು ಒಂದು ಜೀನ್ ಆರಿಸಿಕೊಂಡಿದ್ದೇನೆ, ನಾಳೆ ಬೆಳಿಗ್ಗೆ ಮೊದಲು ಏನು ಮಾಡಲಿ ಎಂದಳು. ಒಂದು ನೋಟ್‌ಬುಕ್ ತೆಗೆದುಕೋ ಎಂದೆ. ಮೊದಲ ಪುಟದಲ್ಲಿ ಯಾವ ತಾಣದಿಂದ ಯಾವ ತಾರೀಕಿಗೆ ಇಳಿಸಿಕೊಂಡೆ, ದತ್ತಾಂಶದ ಎಷ್ಟನೆಯ ಬಿಡುಗಡೆ ಅದು, ಸಂಕೇತದಲ್ಲಿ 01 ಇರುವವು ಎಷ್ಟು, 11 ಇರುವವು ಎಷ್ಟು, ಗೆರೆ ಎಳೆಯುವ ಮೊದಲೇ ಗಡಿಯನ್ನು ಎಲ್ಲಿ ಇಡುತ್ತೇನೆಂದು ನಿರ್ಧರಿಸಿದ್ದೆ, ಇಷ್ಟನ್ನು ಪೆನ್ನಿನಲ್ಲಿ ಬರೆ. ಪೆನ್ಸಿಲ್ ಆಗುವುದಿಲ್ಲವೇ ಎಂದು ಪಕ್ಕದವಳು ಕೇಳಿದಳು. ಆಗುವುದಿಲ್ಲ ಎಂದೆ, ಗಡಿಯನ್ನು ಆಮೇಲೆ ಅಳಿಸಬೇಕೆನಿಸುತ್ತದೆ.